ಆಟಿಕೆಯೂ ಒಂದು ಅಮಾನತ್ತು

ನಿಮ್ಮ ಬಾಲ್ಯದಲ್ಲಿ ನಿಮಗೆ ತುಂಬಾ ಇಷ್ಟವಾಗಿದ್ದ ಒಂದು ಆಟಿಕೆಯನ್ನು ನೆನಪಿಸಿಕೊಳ್ಳಿ. ಅದು ಮರದ ಬುಗುರಿಯಾಗಿರಬಹುದು, ತಾಯಿ ಹೊಲಿದುಕೊಟ್ಟ ಬಟ್ಟೆಯ ಗೊಂಬೆಯಾಗಿರಬಹುದು, ಸಂತೆಯಲ್ಲಿ ಹಟ ಮಾಡಿ ಕೊಡಿಸಿಕೊಂಡ ತಗಡಿನ ಕಾರಾಗಿರಬಹುದು. ಅದು ಕೊನೆಗೆ ಏನಾಯಿತು? ಮುರಿಯಿತೇ? ಕಳೆದುಹೋಯಿತೇ? ಅಥವಾ ಯಾರಾದರೂ ಕಿತ್ತುಕೊಂಡರೇ? ಮುರಿದುಹೋದ ಆಟಿಕೆಯನ್ನು ನಾವು ಮರೆಯುತ್ತೇವೆ. ಕಿತ್ತುಕೊಂಡ ಆಟಿಕೆಯನ್ನು ಮರೆಯುವುದಿಲ್ಲ. ಕಿತ್ತುಕೊಂಡವರ ಮುಖವನ್ನೂ ಮರೆಯುವುದಿಲ್ಲ.

ನಮಾಝ್, ಉಪವಾಸ, ಝಕಾತ್‌ಗಳ ಬಗ್ಗೆ ಬರೆಯುವ ಪುಟಗಳಲ್ಲಿ ಆಟಿಕೆಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ. ನಾನು ಬರೆಯುತ್ತಿರುವುದು ಆಟದ ವಿಷಯವಲ್ಲ, ಲೆಕ್ಕದ ವಿಷಯ. ಆ ಲೆಕ್ಕದಲ್ಲಿ ನನ್ನ ಹೆಸರೂ ಇದೆ.

ಗೊಂಬೆಗಳ ಊರಿನ ಹುಡುಗ

ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ, ರಾಮನಗರ ದಾಟಿದ ಮೇಲೆ ಸಿಗುವ ಊರು. ಅರಗಿನ ಬಣ್ಣ ಹಚ್ಚಿದ ಮರದ ಗೊಂಬೆಗಳಿಂದ ಅದಕ್ಕೆ ಗೊಂಬೆಗಳ ಊರೆಂದೇ ಹೆಸರು. ಟಿಪ್ಪು ಸುಲ್ತಾನರು ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಇಲ್ಲಿ ಬೆಳೆಸಿದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಅನಂತರದ ಕಾಲದಲ್ಲಿ ಈ ಕೆಲಸವನ್ನು ತಿದ್ದಿ ಬೆಳೆಸಿದ ಬಾವಾಸ್ ಮಿಯಾನರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಹಿಂದೂ ಮುಸ್ಲಿಮರೆನ್ನದೆ ನೂರಾರು ಕುಟುಂಬಗಳು ಈ ಕೆಲಸದಿಂದ ಅನ್ನ ಕಂಡಿವೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ನಮ್ಮ ಅಬ್ಬಾ ಇದೇ ಕೆಲಸದವರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಲೇತ್ ಇತ್ತು. ಹಾಲು ಬಣ್ಣದ, ಹದವಾದ ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಸಿಕ್ಕಿಸುತ್ತಿದ್ದರು. ತುಂಡು ಗಿರಗಿರನೆ ತಿರುಗುವಾಗ ಉಳಿ ಹಿಡಿದು ಕಡೆಯುತ್ತಿದ್ದರು. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತಿತ್ತು. ಕೊನೆಗೆ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯಂತಹ ಹೊಳಪು ಬರುತ್ತಿತ್ತು. ಮಕ್ಕಳು ಬಾಯಿಗಿಟ್ಟರೂ ಕೆಡುಕಾಗಬಾರದೆಂದು ಅರಿಶಿನದ ಹಳದಿ, ನೀಲಿ ಗಿಡದ ನೀಲಿ ಮುಂತಾದ ಬಣ್ಣಗಳನ್ನು ಬೆರೆಸುವ ಪದ್ಧತಿ ನಮ್ಮ ಊರಿನಲ್ಲಿತ್ತು.

ಹೆದ್ದಾರಿಯ ಎರಡೂ ಬದಿಗೆ ಗೊಂಬೆ ಅಂಗಡಿಗಳು. ತೂಗಾಡುವ ಕುದುರೆ, ನಡೆಯಲು ಕಲಿಯುವ ಮಗು ಹಿಡಿದುಕೊಳ್ಳುವ ಮೂರು ಗಾಲಿಯ ಗಾಡಿ, ಗಿಲಕಿ, ಬುಗುರಿ, ಅಡುಗೆ ಆಟದ ಪುಟ್ಟ ಪಾತ್ರೆಗಳು. ಮಕ್ತಬ್‌ನಿಂದ ಮನೆಗೆ ಬರುವಾಗ ಆ ಅಂಗಡಿಗಳ ಮುಂದೆ ನಿಂತು ನೋಡುವುದು ನನ್ನ ನಿತ್ಯದ ಅಭ್ಯಾಸ. ಮುಟ್ಟಿದರೆ ಗದರುತ್ತಿದ್ದರು. ಬೆಂಗಳೂರಿನ ಕಡೆಯಿಂದ ಕಾರು ನಿಂತರೆ ಇಳಿದ ಮಕ್ಕಳು ಬೇಕಾದ್ದನ್ನು ಎತ್ತಿಕೊಳ್ಳುತ್ತಿದ್ದರು. ಅವರ ಕೈಯಲ್ಲಿದ್ದ ರೈಲು ನಮ್ಮ ಮನೆಯಲ್ಲೇ ತಯಾರಾದದ್ದೆಂದು ನನಗೆ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಉಳಿಯುತ್ತಿದ್ದದ್ದು ಬಿರುಕು ಬಿಟ್ಟ ತುಂಡುಗಳು, ಗಾಲಿಯಿಲ್ಲದ ಗಾಡಿಗಳು. ಗೊಂಬೆ ಮಾಡುವವನ ಮನೆಯಲ್ಲಿ ಗೊಂಬೆಯಿರಲಿಲ್ಲ.

ಹನ್ನೆರಡು ಮತ್ತು ಹನ್ನೊಂದು

ನನಗೆ ಆಗ ಒಂಬತ್ತು ವರ್ಷ. ಒಂದು ದಿನ ಅಬ್ಬಾ ಕೆಂಪು ಹಸಿರು ಬಣ್ಣದ ಹನ್ನೆರಡು ಪುಟ್ಟ ರೈಲು ಇಂಜಿನ್‌ಗಳನ್ನು ಬುಟ್ಟಿಯಲ್ಲಿಟ್ಟು, ಸೇಠರ ಅಂಗಡಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಅಂಗಡಿಗೆ ತಲುಪಿದ್ದು ಹನ್ನೊಂದು.

ಸೇಠರು ಎಣಿಸಿ, ಹನ್ನೊಂದಕ್ಕೆ ಮಜೂರಿ ಬರೆದುಕೊಂಡರು. ಸಂಜೆ ಅಬ್ಬಾ ಎಷ್ಟು ಕೊಟ್ಟೆಯೆಂದು ಕೇಳಿದರು. ಹನ್ನೆರಡು ಎಂದೆ. ರಾತ್ರಿ ನನ್ನ ದಿಂಬು ಸರಿಮಾಡಲು ಬಂದ ಅವರ ಕೈಗೆ ಇಂಜಿನ್ ಸಿಕ್ಕಿತು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ನನ್ನ ಪಕ್ಕದಲ್ಲಿ ಕುಳಿತುಕೊಂಡರು.

“ಇದನ್ನು ಮಾಡಿದ್ದು ಯಾರು, ಬೇಟಾ?”

“ನೀವೇ, ಅಬ್ಬಾ.”

“ಮರ ಯಾರದು?”

“ಸೇಠರದು.”

“ಅರಗು?”

“ಅದೂ ಸೇಠರದೇ.”

“ಹಾಗಾದರೆ ಇದು ನನ್ನದೇ ಅಲ್ಲ. ನನ್ನದು ಮಜೂರಿ ಮಾತ್ರ. ನನ್ನದಲ್ಲದ್ದು ನಿನ್ನದು ಹೇಗಾದೀತು?”

ಮರುದಿನ ಫಜ್ರ್ ನಮಾಝ್ ಮುಗಿಸಿ ನನ್ನ ಕೈ ಹಿಡಿದುಕೊಂಡು ಅಂಗಡಿಗೆ ಹೋದರು. ನಾನೇ ಕೊಡಬೇಕು, ನಾನೇ ಹೇಳಬೇಕು. ಹೇಳಿದೆ. ಸೇಠರು ಹೋಗಲಿ ಇಟ್ಟುಕೋ ಎನ್ನುವರೆಂದು ಮನಸ್ಸಿನೊಳಗೆ ಸಣ್ಣ ಆಸೆಯಿತ್ತು. ಅವರು ಹಾಗೆ ಹೇಳಲಿಲ್ಲ. ಇಂಜಿನ್ ತೆಗೆದುಕೊಂಡರು, ಹನ್ನೊಂದನ್ನು ಹೊಡೆದು ಹನ್ನೆರಡು ಎಂದು ಬರೆದರು. ಅಷ್ಟೇ.

ಕೆಲವು ವಾರಗಳ ನಂತರ ಈದ್ ಬಂತು. ಅಬ್ಬಾ ನನ್ನ ಅಂಗೈಯಲ್ಲಿ ಒಂದು ಬುಗುರಿ ಇಟ್ಟರು. “ಇದರ ತುಂಡು ಮರವನ್ನು ಸೇಠರನ್ನು ಕೇಳಿ ತಂದಿದ್ದೇನೆ. ಇದು ನಿನ್ನದು. ಇನ್ನು ಮುಂದೆ ನಿನ್ನನ್ನು ಕೇಳದೆ ನಾನೂ ಇದನ್ನು ಮುಟ್ಟುವುದಿಲ್ಲ” ಎಂದರು. ಆ ಮಾತನ್ನು ಅವರು ಪಾಲಿಸಿದರು. ಒಮ್ಮೆ ನೆಂಟರ ಮಗು ಬುಗುರಿಗಾಗಿ ಅತ್ತಾಗ ಅಮ್ಮಿ, “ಚಿಕ್ಕದು ಅಳುತ್ತಿದೆ, ಕೊಟ್ಟುಬಿಡಿ” ಎಂದರು. ಅಬ್ಬಾ ನನ್ನ ಕಡೆ ತಿರುಗಿ, “ಏನಪ್ಪಾ, ಕೊಡಲೇ?” ಎಂದು ಕೇಳಿದರು. ನಾನು ಬೇಡವೆಂದೆ. ಅವರು ಕೊಡಲಿಲ್ಲ. ನೆಂಟರಿಗೆ ಬೇಸರವಾಯಿತು. ಸ್ವಲ್ಪ ಹೊತ್ತಾದ ಮೇಲೆ ನಾನೇ ಹೋಗಿ ಆ ಮಗುವಿಗೆ ಆಡಲು ಕೊಟ್ಟೆ.

ಅಬ್ಬಾ ಹೆಚ್ಚು ಓದಿದವರಲ್ಲ. ಮದ್ರಸದಲ್ಲಿ ಹದೀಸ್ ಓದುವಾಗ ಒಂದು ದಿನ ನಾನು ಬೆರಗಾದೆ. ಹಝ್ರತ್ ಸಹ್ಲ್ ಇಬ್ನ್ ಸಅದ್(ರ)ರ ವರದಿಯದು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರಿಗೆ(ಸ) ಪಾನೀಯ ತಂದುಕೊಟ್ಟರು. ಅವರ ಬಲಗಡೆ ಒಬ್ಬ ಬಾಲಕ, ಎಡಗಡೆ ಹಿರಿಯರು. ಬಲಗಡೆಯವರಿಗೆ ಮೊದಲು ಕೊಡುವುದು ಕ್ರಮ. ಮೊದಲು ಹಿರಿಯರಿಗೆ ಕೊಡಲು ನನಗೆ ಅನುಮತಿ ಕೊಡುವೆಯಾ ಎಂದು ಪ್ರವಾದಿವರ್ಯರು(ಸ) ಆ ಬಾಲಕನನ್ನು ಕೇಳಿದರು. ತಮ್ಮಿಂದ ಸಿಗುವ ಪಾಲನ್ನು ಬೇರೆ ಯಾರಿಗೂ ಬಿಟ್ಟುಕೊಡಲಾರೆನೆಂದು ಅವನು ಹೇಳಿದನು. ಪಾತ್ರೆಯನ್ನು ಅವನ ಕೈಗೇ ಕೊಟ್ಟರು. ಲೋಕಕ್ಕೆಲ್ಲ ಕಾರುಣ್ಯವಾಗಿ ಬಂದವರು ಒಬ್ಬ ಬಾಲಕನ ಅನುಮತಿ ಕೇಳಿದರು! ಅವನು ಒಪ್ಪದಿದ್ದಾಗ ಗದರಲಿಲ್ಲ, ಹಿರಿಯರಿಗೆ ಮರ್ಯಾದೆ ಕೊಡಲು ಗೊತ್ತಿಲ್ಲವೇ ಎನ್ನಲಿಲ್ಲ. ಹಕ್ಕು ಅವನದಾಗಿತ್ತು, ಅವನಿಗೇ ಸಂದಿತು.

ಪ್ರವಾದಿಯವರ(ಸ) ಮನೆಯಲ್ಲಿ ಆಟಿಕೆ

ಆಟವೆಂದರೆ ಸಮಯ ಹಾಳು, ಆಟಿಕೆಯೆಂದರೆ ಹಣ ಹಾಳು ಎಂದು ತಿಳಿದಿರುವ ಮನೆಗಳು ನಮ್ಮಲ್ಲಿವೆ. ಇಹಲೋಕದ ಜೀವನ ಆಟ ವಿನೋದಗಳಂತಿದೆ ಎಂದು ಕುರ್‌ಆನ್ ಎಚ್ಚರಿಸಿರುವುದು ನಿಜ. ಆದರೆ ಆ ಎಚ್ಚರಿಕೆ ಪರಲೋಕವನ್ನು ಮರೆತ ದೊಡ್ಡವರಿಗೆ. ಮಕ್ಕಳ ಆಟವನ್ನು ಅದು ನಿಷೇಧಿಸಿಲ್ಲ. ಸೂರಃ ಯೂಸುಫ್‌ನಲ್ಲಿ ನೋಡಿ. ಯೂಸುಫ್‌ನನ್ನು ನಮ್ಮ ಜೊತೆ ಕಳಿಸಿ, ಅವನು ತಿಂದು ಆಡಿ ನಲಿಯಲಿ ಎಂದು ಅಣ್ಣಂದಿರು ಕೇಳಿದಾಗ, ಪ್ರವಾದಿ ಯಅಕೂಬ್(ಅ) ತೋಳದ ಭಯವನ್ನು ಹೇಳಿದರೇ ಹೊರತು ಆಟ ಕೆಟ್ಟದ್ದೆಂದು ಹೇಳಲಿಲ್ಲ.

ಹಝ್ರತ್ ಆಯಿಶಾ(ರ) ಚಿಕ್ಕ ವಯಸ್ಸಿನಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಅವರೇ ಹೇಳಿದ್ದಾರೆ. ಪ್ರವಾದಿವರ್ಯರು(ಸ) ಮನೆಗೆ ಬಂದಾಗ ಅವರ ಗೆಳತಿಯರು ನಾಚಿ ಅಡಗಿಕೊಳ್ಳುತ್ತಿದ್ದರು. ಅವರನ್ನು ಮತ್ತೆ ಆಟಕ್ಕೆ ಕಳಿಸುತ್ತಿದ್ದವರು ಪ್ರವಾದಿವರ್ಯರೇ(ಸ). ಅಬೂದಾವೂದ್‌ನಲ್ಲಿ ಇನ್ನೊಂದು ಘಟನೆಯಿದೆ. ಗಾಳಿಗೆ ಪರದೆ ಸರಿದು ಗೊಂಬೆಗಳು ಕಾಣಿಸಿದವು. ಅವುಗಳ ನಡುವೆ ಬಟ್ಟೆಯ ತುಂಡುಗಳಿಂದ ಮಾಡಿದ ಎರಡು ರೆಕ್ಕೆಗಳಿದ್ದ ಒಂದು ಕುದುರೆ. ಇದೇನೆಂದು ಪ್ರವಾದಿವರ್ಯರು(ಸ) ಕೇಳಿದರು. ಕುದುರೆ ಎಂದರು. ಕುದುರೆಗೆ ರೆಕ್ಕೆಯೇ ಎಂದು ಮತ್ತೆ ಕೇಳಿದರು. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ನೀವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದಾಗ, ದವಡೆಯ ಹಲ್ಲು ಕಾಣುವಂತೆ ಪ್ರವಾದಿವರ್ಯರು(ಸ) ನಕ್ಕರು. ಗೊಂಬೆಗಳ ವಿಷಯದಲ್ಲಿ ಹಲವರು ಪ್ರಶ್ನೆ ಕೇಳುತ್ತಾರೆ. ಈ ವರದಿಗಳ ಆಧಾರದಲ್ಲಿ ಅನೇಕ ವಿದ್ವಾಂಸರು ಮಕ್ಕಳ ಆಟಿಕೆಗೆ ಅನುಮತಿಯಿದೆಯೆಂದು ಹೇಳಿದ್ದಾರೆ. ಕೆಲವರು ಎಚ್ಚರಿಕೆಯ ಪಕ್ಷವನ್ನು ಹಿಡಿದಿದ್ದಾರೆ. ನಿಮ್ಮ ಊರಿನ ಆಲಿಮರಲ್ಲಿ ವಿಚಾರಿಸಿ ನಡೆಯಿರಿ. ಆದರೆ ಪ್ರವಾದಿವರ್ಯರು(ಸ) ಮೊದಲು ಕೇಳಿದರು, ಉತ್ತರವನ್ನು ಆಲಿಸಿದರು, ನಕ್ಕರು ಎಂಬುದನ್ನು ಯಾವ ಪಕ್ಷದವರೂ ಮರೆಯಬಾರದು.

ಹಝ್ರತ್ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯೊಂದಿಗೆ ಆಡುತ್ತಿದ್ದನು. ಅದು ಸತ್ತುಹೋಯಿತು. ಪ್ರವಾದಿವರ್ಯರು(ಸ) ಆ ಮಗುವಿನ ಬಳಿ ಹಕ್ಕಿ ಏನಾಯಿತೆಂದು ವಿಚಾರಿಸಿದರು. ಒಂದು ಸಮುದಾಯದ ಭಾರ ಹೊತ್ತವರಿಗೆ ಒಂದು ಮಗುವಿನ ಹಕ್ಕಿಯ ಬಗ್ಗೆ ಕೇಳಲು ಬಿಡುವಿತ್ತು. ನಮಗೆ ಬಿಡುವಿಲ್ಲ! ಹಝ್ರತ್ ರುಬಯ್ಯಿಅ್(ರ) ಹೇಳಿರುವಂತೆ, ಆಶೂರಾ ಉಪವಾಸದಂದು ಮಕ್ಕಳಿಗೂ ಉಪವಾಸ ರೂಢಿ ಮಾಡಿಸುತ್ತಿದ್ದ ತಾಯಂದಿರು ಅವರಿಗಾಗಿ ಉಣ್ಣೆಯ ಆಟಿಕೆ ಮಾಡಿಡುತ್ತಿದ್ದರು. ಮಗು ಹಸಿದು ಅತ್ತರೆ ಇಫ್ತಾರ್‌ವರೆಗೆ ಅದನ್ನು ಕೊಟ್ಟು ಸಮಾಧಾನ ಮಾಡುತ್ತಿದ್ದರು. ಆಟಿಕೆಯು ಇಬಾದತ್ತಿಗೆ ಅಡ್ಡಿಯಾಗಲಿಲ್ಲ, ನೆರವಾಯಿತು.

ನನ್ನ ಮೇಜಿನ ಖಾನೆಯಲ್ಲಿದ್ದ ಕುದುರೆ

ಇಷ್ಟನ್ನೆಲ್ಲ ಓದಿದವನು, ಅಂತಹ ತಂದೆಯ ಮಗನು, ಏನು ಮಾಡಿದೆನೆಂದು ಈಗ ಹೇಳುತ್ತೇನೆ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕನಕಪುರದ ಒಂದು ಮಕ್ತಬ್‌ಗೆ ಕಲಿಸಲು ಹೋದೆ. ಹೊಸ ಹುರುಪು, ಶಿಸ್ತಿನ ಮೇಲೆ ಬಹಳ ನಂಬಿಕೆ. ಏಳೆಂಟು ವರ್ಷದ ಒಬ್ಬ ಹುಡುಗ ಸಬಕ್ ಓದುವಾಗ ತೊಡೆಯ ಮೇಲೆ ಏನನ್ನೋ ಉರುಳಿಸುತ್ತಿದ್ದನು. ನೋಡಿದರೆ ನಾಲ್ಕು ಗಾಲಿಯ ಪುಟ್ಟ ಮರದ ಕುದುರೆ, ನಮ್ಮ ಊರಿನದೇ ಕೆಲಸ. ಕಿತ್ತುಕೊಂಡು ಮೇಜಿನ ಖಾನೆಯಲ್ಲಿ ಹಾಕಿದೆ. ಪಾಠದ ಹೊತ್ತಿನಲ್ಲಿ ತೆಗೆದಿಟ್ಟದ್ದು ತಪ್ಪಲ್ಲ. ಪಾಠ ಮುಗಿದ ಮೇಲೆ ಹಿಂದಿರುಗಿಸಬೇಕಿತ್ತು. ಹಿಂದಿರುಗಿಸಲಿಲ್ಲ. ನಾಳೆ ಕೊಟ್ಟರಾಯಿತು ಎಂದುಕೊಂಡೆ, ಆಮೇಲೆ ಮರೆತೆ. ಕೆಲವು ತಿಂಗಳಲ್ಲಿ ಆ ಹುಡುಗನ ತಂದೆ ರೇಷ್ಮೆ ನೂಲು ತೆಗೆಯುವ ಕೆಲಸ ಸಿಕ್ಕಿತೆಂದು ಸಂಸಾರವನ್ನು ರಾಮನಗರಕ್ಕೆ ಕರೆದೊಯ್ದರು. ನಾನೂ ಮುಂದೆ ಆ ಮಕ್ತಬ್ ಬಿಟ್ಟೆ. ಖಾನೆಯಲ್ಲಿದ್ದ ಪುಸ್ತಕ, ಕಾಗದಗಳ ಜೊತೆ ಕುದುರೆಯೂ ನನ್ನ ಪೆಟ್ಟಿಗೆ ಸೇರಿತು.

ಕಳೆದ ರಮಝಾನ್‌ಗೆ ಮುಂಚೆ ಮನೆ ಶುಚಿ ಮಾಡುವಾಗ ಪೆಟ್ಟಿಗೆಯ ತಳದಲ್ಲಿ ಅದು ಸಿಕ್ಕಿತು. ನನ್ನ ಆರು ವರ್ಷದ ಮಗ ಓಡಿಬಂದು, “ಅಬ್ಬಾ, ಇದು ಯಾರದು?” ಎಂದನು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಬ್ಬಾ ಅಂದು ನನ್ನ ಪಕ್ಕದಲ್ಲಿ ಕುಳಿತು ಕೇಳಿದ ಪ್ರಶ್ನೆಯೇ ಇದು. ಅಂದು ನನ್ನ ದಿಂಬಿನ ಕೆಳಗಿತ್ತು. ಇಂದು ನನ್ನ ಪೆಟ್ಟಿಗೆಯಲ್ಲಿದೆ.

ನಿಮ್ಮ ಸಹೋದರನ ವಸ್ತುವನ್ನು ತಮಾಷೆಗಾಗಲಿ ನಿಜವಾಗಿಯಾಗಲಿ ತೆಗೆದುಕೊಳ್ಳಬೇಡಿ, ಒಂದು ಕೋಲನ್ನು ತೆಗೆದುಕೊಂಡಿದ್ದರೂ ಹಿಂದಿರುಗಿಸಿ ಎಂಬ ಆಶಯದ ಹದೀಸ್ ಅಬೂದಾವೂದ್‌ನಲ್ಲಿದೆ. ಇದನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಕಲಿಸಿದ್ದೇನೆ. ಮಕ್ಕಳಿಗೆ ಕಲಿಸುವಾಗ, ಆ ಸಹೋದರನು ಮಗುವೂ ಆಗಿರಬಹುದೆಂದು ನನಗೆ ಹೊಳೆದಿರಲಿಲ್ಲ.

ವಿಚಾರಿಸಿಕೊಂಡು ರಾಮನಗರಕ್ಕೆ ಹೋದೆ. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆ ಕೇಳುತ್ತಾ ಹೋದಾಗ ಮನೆ ಸಿಕ್ಕಿತು. ಮೀಸೆ ಬಂದ ಯುವಕ ಬಾಗಿಲು ತೆರೆದನು. ಗುರುತಿಸಿ ಸಲಾಮ್ ಹೇಳಿ, ಒಳಗೆ ಕರೆದು ಚಹಾ ತರಿಸಿದನು. ನಾನು ಕುದುರೆಯನ್ನು ಅವನ ಮುಂದಿಟ್ಟೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಬೆರಳಿನಿಂದ ಒಂದು ಗಾಲಿಯನ್ನು ತಿರುಗಿಸುತ್ತಾ ಕುಳಿತನು.

“ಹಜರತ್, ಇದನ್ನು ಕೇಳೋಕೆ ನಾನು ಮೂರು ಸಲ ನಿಮ್ಮ ಮೇಜಿನ ತನಕ ಬಂದಿದ್ದೆ. ಹೆದರಿಕೆಯಾಗಿ ವಾಪಸ್ ಹೋದೆ. ಇದು ನಮ್ಮ ದಾದಾ ಕೊಡಿಸಿದ್ದು. ಕುದುರೆ ಎಲ್ಲಿ ಅಂತ ಅವರು ಕೇಳಿದಾಗ ಸಂತೆಯಲ್ಲಿ ಕಳೆದುಹೋಯ್ತು ಅಂದೆ. ದಾದಾ ಈಗಿಲ್ಲ.”

ಓದುಗರೇ, ನಾನು ಆ ಮಗುವಿಗೆ ಸತ್ಯ ಹೇಳುವುದನ್ನು ಕಲಿಸಲು ನೇಮಕವಾಗಿದ್ದವನು. ಅವನು ತನ್ನ ದಾದಾನ ಮುಂದೆ ಹೇಳಿದ ಆ ಸುಳ್ಳಿಗೆ ಕಾರಣ ನಾನೇ. ಕುದುರೆಯನ್ನು ಹಿಂದಿರುಗಿಸಿದೆ. ಆ ದಿನವನ್ನು ಹೇಗೆ ಹಿಂದಿರುಗಿಸಲಿ? ನಾನು ಮಾಫಿ ಕೇಳಿದೆ. ಅವನು ಸಂಕೋಚಪಟ್ಟು, ಉಸ್ತಾದರು ಹಾಗೆಲ್ಲ ಕೇಳಬಾರದು ಎಂದನು. ನಾನು ಬಿಡಲಿಲ್ಲ. ಕೊನೆಗೆ, “ಮಾಫ್ ಮಾಡಿದೆ, ಹಜರತ್” ಎಂದನು. ಅಲ್ಲಾಹನು ಅವನಿಗೆ ಒಳಿತು ಮಾಡಲಿ.

ದಿವಾಳಿಯಾದವನು ಯಾರು?

ಅಲ್ಲಾಹನ ಹಕ್ಕಿನಲ್ಲಿ ನಾವು ಲೋಪ ಮಾಡಿದರೆ ಅವನು ಕ್ಷಮಿಸುವವನು, ಕರುಣಾಳು. ಆದರೆ ಹುಕೂಕುಲ್ ಇಬಾದ್, ಅಂದರೆ ದಾಸರ ಹಕ್ಕುಗಳ ವಿಷಯ ಬೇರೆ. ಹಕ್ಕುದಾರನೇ ಬಿಟ್ಟುಕೊಡಬೇಕು. ಮುಸ್ಲಿಮ್‌ನ ಪ್ರಸಿದ್ಧ ಹದೀಸ್ ನಿಮಗೆ ಗೊತ್ತಿದೆ. ನಿಜವಾದ ದಿವಾಳಿಕೋರನೆಂದರೆ ಹಣವಿಲ್ಲದವನಲ್ಲ. ನಮಾಝ್, ಉಪವಾಸ, ಝಕಾತ್‌ಗಳನ್ನು ಹೊತ್ತು ಪರಲೋಕಕ್ಕೆ ಬಂದೂ, ಒಬ್ಬನನ್ನು ಬೈದ, ಇನ್ನೊಬ್ಬನ ಸೊತ್ತು ತಿಂದ, ಮತ್ತೊಬ್ಬನಿಗೆ ಹೊಡೆದ ಲೆಕ್ಕಕ್ಕೆ ತನ್ನ ಪುಣ್ಯವನ್ನೆಲ್ಲ ಹಂಚಿ ಬರಿಗೈಯಾದವನು. ಆ ದಿನ ಎದುರು ಬಂದು ನಿಲ್ಲುವವರೆಲ್ಲರೂ ದೊಡ್ಡವರೇ ಆಗಿರುತ್ತಾರೆಂದು ನಮಗೆ ಹೇಳಿದವರು ಯಾರು? ಮಗುವಿನ ಕೈ ಚಿಕ್ಕದು. ಅದರಲ್ಲಿರುವ ವಸ್ತು ಚಿಕ್ಕದು. ಹಕ್ಕು ಚಿಕ್ಕದಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ, ನನ್ನಂತಹ ಶಿಕ್ಷಕರಲ್ಲಿ ಕೆಲವು ವಿನಂತಿಗಳು.

ಮಗುವಿನ ಕೈಯಿಂದ ಏನನ್ನಾದರೂ ತೆಗೆದಿಡಬೇಕಾದರೆ, ಯಾವಾಗ ಕೊಡುತ್ತೀರೆಂದು ಆಗಲೇ ಹೇಳಿ, ಆ ಹೊತ್ತಿಗೆ ಕೊಟ್ಟುಬಿಡಿ. ತೆಗೆದಿಟ್ಟದ್ದು ಅಮಾನತ್ತು. ಅದನ್ನು ಹಿಂದಿರುಗಿಸುವ ಜವಾಬ್ದಾರಿ ತೆಗೆದವನದು, ಕೇಳುವ ಧೈರ್ಯವಿಲ್ಲದ ಮಗುವಿನದಲ್ಲ.

ನೆಂಟರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ನಿಮ್ಮ ಮಗುವಿನ ಆಟಿಕೆಯನ್ನು ದಾನ ಮಾಡಬೇಡಿ. ಅದನ್ನು ಕೇಳಿ. ತನ್ನದು ತನ್ನದೇ ಎಂಬ ನೆಮ್ಮದಿಯಿರುವ ಮಗುವೇ ಮನಸಾರೆ ಕೊಡಲು ಕಲಿಯುತ್ತದೆ. ಕಿತ್ತು ಕೊಡಿಸಿದ ದಾನದಿಂದ ಮಗು ಕಲಿಯುವುದು ಬಚ್ಚಿಡುವುದನ್ನು.

ಮಕ್ಕಳ ನಡುವೆ ಭೇದ ಮಾಡಬೇಡಿ. ಹಝ್ರತ್ ನುಅ್‌ಮಾನ್ ಇಬ್ನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೇಳಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟೆಯಾ ಎಂದು ಅವರು ವಿಚಾರಿಸಿದರು, ಇಲ್ಲವೆಂದಾಗ ಸಾಕ್ಷಿಯಾಗಲಿಲ್ಲ. ಮಗನಿಗೆ ಸೈಕಲ್, ಮಗಳಿಗೆ ಇನ್ನೊಮ್ಮೆ ನೋಡೋಣ ಎನ್ನುವ ಮನೆಗಳು ಇದನ್ನು ನೆನಪಿಡಲಿ.

ಅಳು ನಿಲ್ಲಿಸಲು ಸುಳ್ಳು ಮಾತು ಕೊಡಬೇಡಿ. ಬಾ, ಒಂದು ವಸ್ತು ಕೊಡುತ್ತೇನೆ ಎಂದು ಮಗನನ್ನು ಕರೆದ ತಾಯಿಯನ್ನು ಪ್ರವಾದಿವರ್ಯರು(ಸ) ಏನು ಕೊಡಲಿದ್ದೆ ಎಂದು ಕೇಳಿದರು. ಖರ್ಜೂರ ಎಂದರು. ಏನೂ ಕೊಡದೆ ಇದ್ದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತೆಂದು ಎಚ್ಚರಿಸಿದರು.

ಹಾಗೆಂದು ಮನೆಯನ್ನು ಆಟಿಕೆಗಳಿಂದ ತುಂಬಬೇಕೆಂದು ನಾನು ಹೇಳುತ್ತಿಲ್ಲ. ಇಂದು ಪ್ಲಾಸ್ಟಿಕ್ ಆಟಿಕೆಗಳು ಅಗ್ಗವಾಗಿ ಸಿಗುತ್ತವೆ. ಈದ್‌ಗೆ ಕೊಂಡದ್ದು ಬಕ್ರೀದ್ ಬರುವ ಮೊದಲೇ ಕಸಕ್ಕೆ ಸೇರುತ್ತದೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ನಾವೂ ಇನ್ನೊಂದು ಮೊಬೈಲ್ ಹಿಡಿದು ಕೂರುತ್ತೇವೆ. ದುಂದುವೆಚ್ಚವೂ ಗುನಾಹ್, ಉಪೇಕ್ಷೆಯೂ ಗುನಾಹ್. ಒಂದೇ ಆಟಿಕೆಯಿರಲಿ, ಅದರ ಬಗ್ಗೆ ಕೇಳಲು ಒಬ್ಬ ತಂದೆಯಿರಲಿ.

ಮತ್ತೊಂದು ಮಾತು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೆಂಗಳೂರು ಮೈಸೂರಿನ ವಾಹನಗಳು ಚನ್ನಪಟ್ಟಣದ ಹೊರಗಿನಿಂದಲೇ ಹೋಗುತ್ತವೆ. ನಾನು ನಿಂತು ನೋಡುತ್ತಿದ್ದ ಅಂಗಡಿಗಳ ಮುಂದೆ ಈಗ ಮೊದಲಿನಷ್ಟು ಕಾರುಗಳು ನಿಲ್ಲುವುದಿಲ್ಲ. ಆ ಕಡೆ ಹೋದಾಗ ಊರೊಳಗೆ ಬನ್ನಿ. ಚೌಕಾಸಿ ಮಾಡುವಾಗ, ಹತ್ತು ರೂಪಾಯಿ ಇಳಿಸಿದರೆ ಅದು ಲೇತ್ ಮುಂದೆ ಬಾಗಿ ಕುಳಿತವನ ಮಜೂರಿಗೆ ತಟ್ಟಬಹುದೆಂದು ಯೋಚಿಸಿ. ತನ್ನ ಕೈಯ ದುಡಿಮೆಯಿಂದ ಉಣ್ಣುವುದಕ್ಕಿಂತ ಉತ್ತಮವಾದ ಊಟವಿಲ್ಲವೆಂದು, ಪ್ರವಾದಿ ದಾವೂದ್(ಅ) ಹಾಗೆಯೇ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸ್‌ನಲ್ಲಿದೆ.

ಇಂದು ರಾತ್ರಿ ಇಶಾ ನಮಾಝ್ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಪೆಟ್ಟಿಗೆ, ಕಪಾಟು, ಮೇಜಿನ ಖಾನೆಗಳನ್ನು ತೆರೆದು ನೋಡಿ. ನಿಮ್ಮದಲ್ಲದ ಒಂದು ಪೆನ್ನು, ಒಂದು ಪುಸ್ತಕ, ಒಂದು ಬುಗುರಿ ಅಲ್ಲಿರಬಹುದು. ದೀನಾರು ದಿರ್ಹಮುಗಳು ಉಪಯೋಗಕ್ಕೆ ಬಾರದ ದಿನ ಬರುವ ಮೊದಲು ಅದರ ಒಡೆಯನನ್ನು ಹುಡುಕಿಕೊಂಡು ಹೋಗಿ. ರಾಮನಗರ ನನಗೆ ದೂರವಿರಲಿಲ್ಲ. ಅಷ್ಟು ದೂರ ಹೋಗಲು ಹನ್ನೆರಡು ವರ್ಷಗಳಿಗಿಂತ ಹೆಚ್ಚು ಹಿಡಿಯಿತು.

ಅಲ್ಲಾಹನು ನಮ್ಮೆಲ್ಲರಿಗೂ ಹಕ್ಕುದಾರರ ಹಕ್ಕನ್ನು ಈ ಲೋಕದಲ್ಲೇ ಸಲ್ಲಿಸುವ ತೌಫೀಕ್ ನೀಡಲಿ. ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ನಾವು ನೋಯಿಸಿದ ಪುಟ್ಟ ಮನಸ್ಸುಗಳು ನಮ್ಮನ್ನು ಕ್ಷಮಿಸುವಂತೆ ಮಾಡಲಿ. ಆಮೀನ್.